ಮನೆಯ ನಾಯಿಯನ್ನು ಮಾತು ಕೇಳುವಂತೆ ಪಳಗಿಸುವ ಕ್ರಮ

(ಜಮೀನುದಾರರ ಮತ್ತು ಗ್ರಾಮ ಮುಖಂಡರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಹೋರಿಕರುವನ್ನು ನೊಗಕ್ಕೆ ಪಳಗಿಸುವ ರೈತನ ತಾಳ್ಮೆಯು ಎಲ್ಲರಿಗೂ ತಿಳಿದದ್ದೇ ಆಗಿದೆ. ಅವನು ಅದನ್ನು ಮೊದಲನೆಯ ದಿನವೇ ನೇಗಿಲಿಗೆ ಹೂಡುವುದಿಲ್ಲ. ಮೊದಲು ಮೈದಡವಿ ಹಗ್ಗಕ್ಕೆ ಒಗ್ಗಿಸುತ್ತಾನೆ. ತರುವಾಯ ಅನುಭವವುಳ್ಳ ಮುದಿಯೆತ್ತಿನ ಜೊತೆಯಲ್ಲಿ ಬರಿಯ ನೊಗವನ್ನು ಹೊರಿಸಿ ನಡೆಸುತ್ತಾನೆ. ಆಮೇಲೆ ಹಗುರವಾದ ಮರದ ತುಂಡನ್ನು ಎಳೆಸುತ್ತಾನೆ. ಇಷ್ಟೆಲ್ಲ ಆದ ಮೇಲೆಯೇ ನೇಗಿಲು. ಕರುವು ಬೆದರಿದರೆ ನಿಲ್ಲುತ್ತಾನೆ, ದಣಿದರೆ ಬಿಡುತ್ತಾನೆ. ಅದೇ ರೈತನ ಅದೇ ಹಟ್ಟಿಯಲ್ಲಿ ಬೆಳೆದ ನಾಯಿಗಾದರೋ ಒಂದು ದಿನವೂ ಪಾಠವಾಗಿರುವುದಿಲ್ಲ. ಹಸಿದಾಗ ಹಿಟ್ಟು, ತಪ್ಪಿದಾಗ ದೊಣ್ಣೆ. ಇವೆರಡೇ ಅದರ ವಿದ್ಯಾಭ್ಯಾಸ.

ಇದರ ಫಲವನ್ನು ಊರಿನ ಮುಖಂಡರು ಚೆನ್ನಾಗಿ ಬಲ್ಲರು. ಕಣ ಕಾಯಲೆಂದು ಸಾಕಿದ ನಾಯಿಯು ದಾರಿಹೋಕನ ಕಾಲನ್ನು ಹಿಡಿಯುವುದು. ಮಂದೆಯೊಳಗೆ ನುಗ್ಗಿ ಕುರಿಮರಿಯನ್ನು ಸೀಳುವುದು. ಮೋಟಾರು ಸೈಕಲ್ಲಿನ ಹಿಂದೆ ಓಡಿ ಸವಾರನನ್ನು ಕೆಡಹುವುದು. ಯಜಮಾನನು ಜಗಲಿಯಿಂದ ‘ಬಾ, ಬಾ’ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರೂ ಅದು ಹಿಂದಿರುಗಿ ನೋಡದು. ತರುವಾಯ ಬರುವುದು ಆಸ್ಪತ್ರೆಯ ಅಲೆದಾಟ, ನಷ್ಟದ ಹಣಕ್ಕಾಗಿ ಪಂಚಾಯಿತಿ, ಎರಡು ಮನೆಗಳ ನಡುವೆ ವರ್ಷಗಟ್ಟಲೆ ನಿಂತುಹೋಗುವ ಮಾತುಕತೆ. ಕಚ್ಚಿಸಿಕೊಂಡದ್ದು ಮಗುವಾದರೆ, ಕಚ್ಚಿದ ನಾಯಿಗೆ ರೋಗವಿದ್ದರೆ, ಹಣದಿಂದಾಗಲಿ ಪಂಚಾಯಿತಿಯಿಂದಾಗಲಿ ತುಂಬಲಾಗದ ನಷ್ಟವೂ ಆಗಬಹುದು. ಇಷ್ಟೆಲ್ಲವೂ ಕರೆದ ಒಂದು ಕ್ಷಣದಲ್ಲಿ ನಾಯಿಯು ತಿರುಗಿ ಬಂದೀತೋ ಬಾರದೋ ಎಂಬುದನ್ನು ಅವಲಂಬಿಸಿದೆ.

‘ನಾಯಿಯ ಬಾಲ ಡೊಂಕು’ ಎಂಬ ಗಾದೆಯನ್ನು ಹೇಳಿ ಈ ವಿಷಯವನ್ನು ಮುಗಿಸಿಬಿಡುವವರುಂಟು. ಬಾಲದ ಡೊಂಕು ಹುಟ್ಟಿನಿಂದ ಬಂದದ್ದು ನಿಜ. ಆದರೆ ಕರೆದರೆ ಬಾರದಿರುವ ಸ್ವಭಾವವು ಹುಟ್ಟಿನಿಂದ ಬಂದದ್ದಲ್ಲ. ಬಹುಮಟ್ಟಿಗೆ ಅದನ್ನು ಮನೆಯವರೇ ತಮಗೆ ತಿಳಿಯದಂತೆ ಕಲಿಸಿರುತ್ತಾರೆ. ಕಲಿಸಿದ್ದು ಹೇಗೆ, ಅದನ್ನು ತಿದ್ದುವುದು ಹೇಗೆ ಎಂಬುದೇ ಈ ಉಪನ್ಯಾಸದ ವಿಷಯ.

1. ಕನ್ನಡನಾಡಿನ ನಾಯಿಗಳು

ಮಂಡ್ಯದ ಸೀಮೆಯ ಮದ್ದೂರಿನ ಬಳಿಯ ಆತಕೂರಿನಲ್ಲಿ ದೊರೆತ ಒಂದು ವೀರಗಲ್ಲು ನಾಯಿಯ ಯೋಗ್ಯತೆಗೆ ಸಾಕ್ಷಿಯಾಗಿದೆ. ಕ್ರಿ. ಶ. 949-50ರ ಕಾಲದ ಆ ಶಾಸನದ ಪ್ರಕಾರ, ಗಂಗರಾಜನಾದ ಬೂತುಗನ ಕಡೆಯ ಮಣಲೆರನೆಂಬ ವೀರನು ತಕ್ಕೋಲದ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಬಹುಮಾನವಾಗಿ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೆರನು ನಾಯಿಯ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ ಬೇಟೆನಾಯಿಯ ತಳಿಯು ಇಂದಿಗೂ ಬಾಗಲಕೋಟೆಯ ಸೀಮೆಯಲ್ಲಿ ಹೆಸರಾಗಿದೆ. 2005ರಲ್ಲಿ ಅಂಚೆ ಇಲಾಖೆಯವರು ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದರು; 2016ರಲ್ಲಿ ಸೇನೆಯವರು ಈ ತಳಿಯ ಮರಿಗಳನ್ನು ಮೀರತ್ ನಗರದ ತಮ್ಮ ಕೇಂದ್ರದಲ್ಲಿ ತರಬೇತಿಗೆ ತೆಗೆದುಕೊಂಡರು.

ಆದರೆ ಹಳ್ಳಿಗಳ ಬಹುಪಾಲು ಮನೆಗಳಲ್ಲಿರುವುದು ಮುಧೋಳದ ತಳಿಯಲ್ಲ, ಸಾಮಾನ್ಯವಾದ ಊರುನಾಯಿ. ಇದಕ್ಕೆ ವಿದ್ಯೆ ಹತ್ತುವುದಿಲ್ಲವೆಂಬ ಮಾತು ತಪ್ಪು. ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ವಿದ್ವಾಂಸರು ಬೀದಿನಾಯಿಗಳನ್ನು ಪರೀಕ್ಷಿಸಿ 2020ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಎರಡು ಬಟ್ಟಲುಗಳನ್ನು ಇಟ್ಟು, ಅಪರಿಚಿತನಾದ ಒಬ್ಬನು ಒಂದರ ಕಡೆಗೆ ಕೈದೋರಿದನು. ಬಟ್ಟಲುಗಳ ಹತ್ತಿರಕ್ಕೆ ಬಂದ ನಾಯಿಗಳಲ್ಲಿ ಹೆಚ್ಚಿನವು ಕೈದೋರಿದ ಬಟ್ಟಲಿಗೇ ಹೋದವು. ಯಾರೂ ಸಾಕದ, ಯಾರೂ ಕಲಿಸದ ನಾಯಿಯೇ ಮನುಷ್ಯನ ಕೈಯನ್ನು ಇಷ್ಟುಮಟ್ಟಿಗೆ ಗಮನಿಸುವುದಾದರೆ, ಮನೆಯ ಅನ್ನವನ್ನು ತಿಂದ ನಾಯಿಗೆ ಕಲಿಸಲಾಗದೆಂಬುದಕ್ಕೆ ಆಧಾರವಿಲ್ಲ.

2. ನಾಯಿಯು ಕಲಿಯುವ ಬಗೆ

ಅಮೆರಿಕದ ಥಾರ್ನ್‌ಡೈಕ್ ಎಂಬ ಪಂಡಿತನು 1898ರಲ್ಲಿ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿ, ಅಗಣಿಯನ್ನು ತೆಗೆದು ಹೊರಬಂದರೆ ಆಹಾರ ದೊರೆಯುವಂತೆ ಏರ್ಪಡಿಸಿ ಪರೀಕ್ಷಿಸಿದನು. ಯಾವ ಕೆಲಸದ ಹಿಂದೆಯೇ ಸುಖವು ಬಂದಿತೋ ಆ ಕೆಲಸವನ್ನು ಪ್ರಾಣಿಯು ಮತ್ತೆ ಮತ್ತೆ ಮಾಡುವುದೆಂದೂ, ಯಾವುದರಿಂದ ಸುಖವಿಲ್ಲವೋ ಅದನ್ನು ಕ್ರಮೇಣ ಬಿಡುವುದೆಂದೂ ಅವನು ಕಂಡನು. ನಾಯಿಯ ವಿದ್ಯೆಯೂ ಈ ನಿಯಮದ ಮೇಲೆಯೇ ನಿಂತಿದೆ. ನಾಯಿಯು ಧರ್ಮಾಧರ್ಮಗಳನ್ನು ವಿಚಾರಿಸುವುದಿಲ್ಲ. ತಾನು ಆಗತಾನೆ ಮಾಡಿದ ಕೆಲಸಕ್ಕೆ ಏನು ಫಲ ಬಂದಿತೆಂಬುದನ್ನು ಮಾತ್ರ ನೋಡುವುದು. ‘ಆಗತಾನೆ’ ಎಂಬ ಮಾತು ಮುಖ್ಯವಾದದ್ದು. ಫಲವು ಒಂದೆರಡು ಉಸಿರು ಎಳೆಯುವಷ್ಟು ಹೊತ್ತಿನೊಳಗೆ ಬರಬೇಕು. ತಡವಾದರೆ ನಾಯಿಯು ಅದನ್ನು ಬೇರೆ ಯಾವುದಾದರೂ ಕೆಲಸಕ್ಕೆ ಜೋಡಿಸಿಕೊಳ್ಳುವುದು.

ಈ ನಿಯಮವನ್ನು ಅರಿಯದ ಮನೆಯಲ್ಲಿ ನಡೆಯುವ ಒಂದು ಸಂಗತಿಯನ್ನು ವಿಚಾರಿಸತಕ್ಕದ್ದು. ನಾಯಿಯು ನೆರೆಯವನ ಕೋಳಿಯನ್ನು ಅಟ್ಟಿಕೊಂಡು ಹೋಯಿತು. ಯಜಮಾನನು ಇಪ್ಪತ್ತು ಸಾರಿ ಕರೆದನು. ಕೊನೆಗೆ ನಾಯಿಯು ಬಾಲವನ್ನು ತಗ್ಗಿಸಿಕೊಂಡು ಅವನ ಕಾಲ ಬಳಿಗೆ ಬಂದಿತು. ಅವನು ಕೋಪದಿಂದ ಕೈಗೆ ಸಿಕ್ಕಿದ ಕೋಲಿನಿಂದ ಬಾರಿಸಿದನು. ಕೋಳಿಯನ್ನು ಅಟ್ಟಿದ್ದಕ್ಕಾಗಿ ಹೊಡೆದೆನೆಂದು ಅವನ ಎಣಿಕೆ. ನಾಯಿಗಾದರೋ ಕೋಳಿಯ ಪ್ರಸಂಗವು ಆಗಲೇ ಮುಗಿದುಹೋಗಿತ್ತು. ಅದು ಆಗತಾನೆ ಮಾಡಿದ ಕೆಲಸವು ಯಜಮಾನನ ಬಳಿಗೆ ಬಂದದ್ದು. ಅದಕ್ಕೆ ದೊರೆತ ಫಲವು ಏಟು. ಅಟ್ಟಿದಾಗ ಆನಂದ, ಬಂದಾಗ ಪೆಟ್ಟು. ಹೀಗೆ ನಾಲ್ಕು ಸಾರಿ ಆದರೆ ‘ಬಾ’ ಎಂಬ ಮಾತಿಗೆ ‘ಓಡಿಹೋಗು’ ಎಂಬ ಅರ್ಥವು ನಾಯಿಯ ಮನಸ್ಸಿನಲ್ಲಿ ನೆಲೆಗೊಳ್ಳುವುದು. ಮುಂದೆ ಯಾವ ದಿನ ಅದು ಮಗುವಿನ ಹಿಂದೆ ಓಡುವುದೋ ಆ ದಿನ ಕರೆದ ಮಾತಿಗೆ ಬೆಲೆಯಿರುವುದಿಲ್ಲ.

ಆದಕಾರಣ ಮೊದಲನೆಯ ಸೂತ್ರವಿದು: ಕರೆದಾಗ ಬಂದ ನಾಯಿಯನ್ನು, ಅದು ಎಷ್ಟೇ ತಡವಾಗಿ ಬಂದಿರಲಿ, ಏನೇ ಮಾಡಿ ಬಂದಿರಲಿ, ಎಂದಿಗೂ ಹೊಡೆಯಕೂಡದು, ಗದರಿಸಲೂ ಕೂಡದು.

ದಂಡನೆಯಿಂದ ಪಳಗಿಸುವ ಪದ್ಧತಿಯು ಪಾಶ್ಚಾತ್ಯ ದೇಶಗಳಲ್ಲಿಯೂ ಬಹುಕಾಲ ನಡೆಯಿತು. ಆದರೆ 2020ರಲ್ಲಿ ಪೋರ್ಚುಗಲ್ ದೇಶದ ವಿದ್ವಾಂಸರು, ದಂಡನೆಯಿಂದ ಕಲಿಸಿದ ನಾಯಿಗಳನ್ನೂ ಆಹಾರವನ್ನು ಕೊಟ್ಟು ಕಲಿಸಿದ ನಾಯಿಗಳನ್ನೂ ಹೋಲಿಸಿ ನೋಡಿದಾಗ, ಮೊದಲನೆಯವುಗಳಲ್ಲಿ ಭಯದ ಚಿಹ್ನೆಗಳು ಹೆಚ್ಚಾಗಿದ್ದುದೂ, ಅವುಗಳ ಜೊಲ್ಲಿನಲ್ಲಿ ಮನಸ್ಸಿನ ಒತ್ತಡವನ್ನು ತೋರಿಸುವ ದ್ರವ್ಯವು ಪಾಠದ ತರುವಾಯ ಹೆಚ್ಚಿದುದೂ ಕಂಡುಬಂದವು. ಹೆದರಿದ ನಾಯಿಯೇ ಕಚ್ಚುವ ನಾಯಿ ಎಂಬುದನ್ನು ರೈತರು ಮರೆಯಬಾರದು.

3. ಪಾಠಕ್ಕೆ ಮುಂಚೆ ಬೇಕಾದವು

ವಯಸ್ಸು. ಮರಿಯನ್ನು ಸುಮಾರು 8 ವಾರಗಳವರೆಗೆ ತಾಯಿಯಿಂದ ಬೇರ್ಪಡಿಸಬಾರದು. ಹುಟ್ಟಿದ 3ನೆಯ ವಾರದಿಂದ ಸುಮಾರು 12 ಅಥವಾ 14ನೆಯ ವಾರದವರೆಗೆ ಮರಿಯು ಯಾವುದನ್ನು ಭಯವಿಲ್ಲದೆ ನೋಡುವುದೋ ಅದಕ್ಕೆ ಜೀವಮಾನವೆಲ್ಲ ಸಾಮಾನ್ಯವಾಗಿ ಹೆದರುವುದಿಲ್ಲ. ಆದಕಾರಣ ಈ ಅವಧಿಯಲ್ಲಿ ಮಕ್ಕಳು, ಮುದುಕರು, ಕೋಲು ಹಿಡಿದವರು, ದನ, ಕುರಿ, ಕೋಳಿ, ಗಾಡಿ, ಟ್ರಾಕ್ಟರು ಇವೆಲ್ಲವನ್ನೂ ಮರಿಗೆ ದೂರದಿಂದ ಮೆಲ್ಲನೆ ಪರಿಚಯ ಮಾಡಿಕೊಡತಕ್ಕದ್ದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯು ಇಲ್ಲಿ ಅರ್ಧ ಮಾತ್ರ ಸತ್ಯ. ದೊಡ್ಡ ನಾಯಿಯೂ ಕಲಿಯುವುದು, ಆದರೆ ಹೆಚ್ಚು ದಿನಗಳು ಹಿಡಿಯುವುವು.

ಮಾತುಗಳು. ನಾಯಿಗೆ ಕನ್ನಡವು ತಿಳಿಯದು, ಧ್ವನಿಯು ತಿಳಿಯುವುದು. ಅಜ್ಜನು ‘ಬಾ’ ಎಂದೂ, ಮಗನು ‘ಬಾರೋ ಇಲ್ಲಿ’ ಎಂದೂ, ಮೊಮ್ಮಗಳು ‘ಬೇಗ ಬಾ ಮರಿ’ ಎಂದೂ ಕರೆದರೆ ನಾಯಿಗೆ ಅವು ಮೂರು ಬೇರೆ ಬೇರೆ ಶಬ್ದಗಳು. ಮನೆಮಂದಿಯೆಲ್ಲ ಕುಳಿತು ನಾಲ್ಕು ಮಾತುಗಳನ್ನು ಗೊತ್ತುಮಾಡಿಕೊಂಡು ಅವನ್ನೇ ಆಡಬೇಕು. ‘ಬಾ’, ‘ಕೂರು’, ‘ನಿಲ್ಲು’, ‘ಬಿಡು’ ಎಂಬ ಈ ನಾಲ್ಕು ಸಾಕು. ‘ಬೇಡ’ ಎಂಬುದು ‘ಬಾ’ ಎಂಬಂತೆಯೇ ಆರಂಭವಾಗುವುದರಿಂದ ಅದನ್ನು ಆಜ್ಞೆಯಾಗಿ ಬಳಸದಿರುವುದು ಲೇಸು. ನಾಯಿಗೆ ಇಡುವ ಹೆಸರೂ ಈ ಮಾತುಗಳನ್ನು ಹೋಲದಿರಬೇಕು. ‘ಬಾಬು’ ಎಂಬ ನಾಯಿಗೆ ತನ್ನ ಹೆಸರಿಗೂ ‘ಬಾ’ ಎಂಬ ಕರೆಗೂ ಇರುವ ಭೇದವನ್ನು ತಿಳಿಯುವುದು ಕಷ್ಟ.

ಕಲಿಸುವವರು. ಅನೇಕ ಮನೆಗಳಲ್ಲಿ ನಾಯಿಗೆ ಅನ್ನ ಹಾಕುವವರು ಹೆಂಗಸರು. ನಾಯಿಯು ಮೊದಲು ಗಮನವಿಡುವುದು ಅವರ ಮಾತಿಗೇ. ಆದಕಾರಣ ಪಾಠವನ್ನು ಅವರೇ ಆರಂಭಿಸುವುದು ಸುಲಭ. ಯಜಮಾನನು ಮಾತ್ರ ಕಲಿಸಿದರೆ, ಅವನು ಸಂತೆಗೆ ಹೋದ ದಿನ ನಾಯಿಯು ಯಾರ ಮಾತನ್ನೂ ಕೇಳದು.

ಬಹುಮಾನ. ಬೇಯಿಸಿದ ಮೊಟ್ಟೆ, ರೊಟ್ಟಿಯ ಚೂರು, ಉಪ್ಪಿಲ್ಲದ ಒಣಮೀನು, ಬೇಯಿಸಿದ ಮಾಂಸ ಇವುಗಳಲ್ಲಿ ಯಾವುದಾದರೂ ಆಗಬಹುದು. ಒಂದೊಂದು ಚೂರೂ ಕಡಲೆಕಾಳಿನಷ್ಟಿದ್ದರೆ ಸಾಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಇವು ನಾಯಿಗೆ ವಿಷ. ಬೇಯಿಸಿದ ಮೂಳೆಯು ಸೀಳಿ ಕರುಳಿಗೆ ಚುಚ್ಚುವುದು. ಪಾಠವನ್ನು ಊಟಕ್ಕೆ ಮುಂಚೆ ಮಾಡಬೇಕು. ಹೊಟ್ಟೆ ತುಂಬಿದ ನಾಯಿಗೆ ಬಹುಮಾನದ ಆಸೆಯಿರದು.

ಮೆಚ್ಚುಗೆಯ ಮಾತು. ಆಹಾರವನ್ನು ಜೇಬಿನಿಂದ ತೆಗೆದು ಕೊಡುವಷ್ಟರಲ್ಲಿ ಸರಿಯಾದ ಕ್ಷಣವು ಮೀರಿಹೋಗಬಹುದು. ಇದಕ್ಕೊಂದು ಉಪಾಯವುಂಟು. ರಷ್ಯಾ ದೇಶದ ಪಾವ್ಲೋವ್ ಎಂಬ ಪಂಡಿತನು, ಆಹಾರವನ್ನು ಕೊಡುವ ಮುಂಚೆ ಪ್ರತಿಸಾರಿಯೂ ಒಂದೇ ಶಬ್ದವನ್ನು ಕೇಳಿಸಿದರೆ, ಕೆಲವು ದಿನಗಳಲ್ಲಿ ಆ ಶಬ್ದ ಮಾತ್ರದಿಂದಲೇ ನಾಯಿಯ ಬಾಯಲ್ಲಿ ನೀರೂರುವುದೆಂದು ತೋರಿಸಿದನು. ಅದರಂತೆ ಎರಡು ಮೂರು ದಿನ ‘ಭಲೆ’ ಎಂದು ಹೇಳಿ ಕೂಡಲೇ ಒಂದು ಚೂರನ್ನು ಕೊಡುತ್ತ ಬರಬೇಕು. ಆಮೇಲೆ ಆ ಮಾತೇ ಬಹುಮಾನದ ಮುಂಗಡವಾಗುವುದು. ನಾಯಿಯು ಸರಿಯಾದುದನ್ನು ಮಾಡಿದ ಕ್ಷಣದಲ್ಲಿ ‘ಭಲೆ’ ಎಂದರೆ ಸಾಕು. ಚೂರನ್ನು ನಿಧಾನವಾಗಿ ಕೊಡಬಹುದು. ಆದರೆ ಭಲೆ ಎಂದ ಮೇಲೆ ಕೊಡದೆ ವಂಚಿಸಬಾರದು.

ಹೊತ್ತು. ಒಂದು ಪಾಠಕ್ಕೆ 5 ನಿಮಿಷ, ದಿನಕ್ಕೆ 2 ಅಥವಾ 3 ಪಾಠ. ಇದಕ್ಕಿಂತ ಹೆಚ್ಚಾದರೆ ನಾಯಿಗೂ ಬೇಸರ, ಕಲಿಸುವವನಿಗೂ ಕೋಪ. ಕೋಪ ಬಂದ ಕೂಡಲೇ ಪಾಠವನ್ನು ನಿಲ್ಲಿಸತಕ್ಕದ್ದು.

4. ನಾಲ್ಕು ಪಾಠಗಳು

ಬಾ. ಇದು ಎಲ್ಲಕ್ಕಿಂತ ಮುಖ್ಯವಾದ ಪಾಠ. ಮೊದಲು ಮನೆಯ ಅಂಗಳದಲ್ಲಿ ಎರಡು ಹೆಜ್ಜೆಯ ದೂರದಿಂದ ನಾಯಿಯ ಹೆಸರನ್ನು ಹೇಳಿ, ಅದು ನೋಡಿದೊಡನೆ ‘ಬಾ’ ಎಂದು ಒಂದೇ ಸಾರಿ ಹೇಳಬೇಕು. ಬಂದೊಡನೆ ‘ಭಲೆ’ ಮತ್ತು ಚೂರು. ಬಾರದಿದ್ದರೆ ಮತ್ತೆ ಮತ್ತೆ ಕೂಗಬಾರದು. ಹಾಗೆ ಕೂಗಿದರೆ ಹತ್ತನೆಯ ಕೂಗಿಗೆ ಬಂದರೆ ಸಾಕೆಂದು ಅದು ಕಲಿಯುವುದು. ಅದಕ್ಕೆ ಬದಲಾಗಿ ತೊಡೆಯನ್ನು ತಟ್ಟಿ, ಹಿಂದಕ್ಕೆ ಓಡಿ, ಕುಕ್ಕರುಗಾಲಿನಲ್ಲಿ ಕುಳಿತು ಅದರ ಆಸೆಯನ್ನು ಕೆರಳಿಸಬೇಕು. ನಾಯಿಯನ್ನು ಅಟ್ಟಿಸಿಕೊಂಡು ಹೋಗಬಾರದು. ಅದು ಆಟವೆಂದು ತಿಳಿದು ಇನ್ನೂ ದೂರ ಓಡುವುದು. ಅಂಗಳದಲ್ಲಿ ತಪ್ಪದೆ ಬರುವಂತಾದ ಮೇಲೆ, ಕೊರಳ ಪಟ್ಟಿಗೆ 30 ಅಡಿ, ಎಂದರೆ 5 ಮಾರು ಉದ್ದದ ಹಗುರವಾದ ಹಗ್ಗವನ್ನು ಕಟ್ಟಿ ಹೊಲದಲ್ಲಿ ಅಭ್ಯಾಸ ಮಾಡಿಸಬೇಕು. ಹಗ್ಗವು ನಾಯಿಯನ್ನು ಎಳೆದು ತರುವುದಕ್ಕಲ್ಲ. ಅದು ತಪ್ಪಿಸಿಕೊಂಡು ಹೋಗಿ ಕೆಟ್ಟ ಅಭ್ಯಾಸವನ್ನು ಕಲಿಯದಂತೆ ತಡೆಯುವುದಕ್ಕೆ ಮಾತ್ರ. ಕರೆದು ಚೂರನ್ನು ಕೊಟ್ಟು ಮತ್ತೆ ಆಡಲು ಬಿಡಬೇಕು. ಕಟ್ಟಿಹಾಕುವುದಕ್ಕಾಗಿ ಮಾತ್ರ ಕರೆದರೆ, ಕರೆಯೆಂದರೆ ಸೆರೆಯೆಂದು ಅದು ತಿಳಿಯುವುದು. ಚಿರತೆಯ ಭಯವಿರುವ ಸೀಮೆಗಳಲ್ಲಿ ಸಂಜೆ ಒಂದೇ ಕರೆಗೆ ಒಳಗೆ ಬರುವ ನಾಯಿಯು ತನ್ನ ಜೀವವನ್ನೇ ಉಳಿಸಿಕೊಳ್ಳುವುದು.

ಕೂರು. ಚೂರನ್ನು ಬೆರಳುಗಳಲ್ಲಿ ಹಿಡಿದು ನಾಯಿಯ ಮೂಗಿನ ಬಳಿಗೆ ತಂದು, ಮೆಲ್ಲನೆ ತಲೆಯ ಮೇಲಿನಿಂದ ಹಿಂದಕ್ಕೆ ಸರಿಸಬೇಕು. ಮೂಗು ಮೇಲಕ್ಕೆ ಎದ್ದರೆ ಹಿಂಭಾಗವು ತಾನಾಗಿಯೇ ಕೆಳಕ್ಕೆ ಇಳಿಯುವುದು. ಕುಳಿತ ಕ್ಷಣದಲ್ಲಿ ‘ಭಲೆ’. ಬೆನ್ನನ್ನು ಅದುಮಿ ಕೂರಿಸಬಾರದು. ಕೈಯ ಸನ್ನೆಗೆ ಕೂರುವಂತಾದ ಮೇಲೆ, ಸನ್ನೆಗೆ ಸ್ವಲ್ಪ ಮುಂಚೆ ‘ಕೂರು’ ಎಂಬ ಮಾತನ್ನು ಸೇರಿಸಬೇಕು. ಬಂದವರ ಮೈಮೇಲೆ ಹಾರುವ ನಾಯಿಗೆ ಇದೇ ಮದ್ದು. ಹಾರಿದರೆ ಬೆನ್ನು ತಿರುಗಿಸಬೇಕು, ಕುಳಿತರೆ ಮಾತನಾಡಿಸಬೇಕು. ಕುಳಿತಿರುವ ನಾಯಿಯು ಅದೇ ಹೊತ್ತಿನಲ್ಲಿ ಹಾರಲಾರದು.

ನಿಲ್ಲು. ನಾಯಿಯನ್ನು ಕೂರಿಸಿ, ಅಂಗೈಯನ್ನು ತೋರಿಸಿ ‘ನಿಲ್ಲು’ ಎಂದು ಹೇಳಿ, ಎರಡು ಎಣಿಸುವಷ್ಟು ಹೊತ್ತು ಇದ್ದಲ್ಲಿಯೇ ಇದ್ದರೆ ಚೂರನ್ನು ಕೊಡಬೇಕು. ಕ್ರಮವಾಗಿ ಐದು, ಹತ್ತು, ಇಪ್ಪತ್ತು ಎಣಿಸುವವರೆಗೆ ಬೆಳೆಸಬೇಕು. ತರುವಾಯ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಕೊನೆಗೆ ಕೋಳಿಯೋ ಕರುವೋ ಇರುವ ಜಾಗದಲ್ಲಿ ಮಾಡಿಸಬೇಕು. ಹೊತ್ತು, ದೂರ, ಗಲಾಟೆ ಈ ಮೂರನ್ನು ಒಂದೇ ದಿನ ಹೆಚ್ಚಿಸಕೂಡದು. ಒಂದನ್ನು ಹೆಚ್ಚಿಸಿದಾಗ ಉಳಿದೆರಡನ್ನು ಕಡಿಮೆ ಮಾಡತಕ್ಕದ್ದು. ನಾಯಿಯು ಎದ್ದುಬಿಟ್ಟರೆ ಅದು ಅದರ ತಪ್ಪಲ್ಲ, ಪಾಠವು ಅವಸರವಾಯಿತೆಂದು ತಿಳಿದು ಒಂದು ಮೆಟ್ಟಿಲು ಕೆಳಗಿಳಿಯಬೇಕು. ಹೋರಿಕರುವಿಗೆ ಮರದ ತುಂಡು ಭಾರವಾದರೆ ರೈತನು ಮಾಡುವುದೂ ಇದನ್ನೇ.

ಬಿಡು. ಚೂರನ್ನು ಮುಷ್ಟಿಯಲ್ಲಿ ಮುಚ್ಚಿ ನಾಯಿಯ ಮುಂದೆ ಹಿಡಿಯಬೇಕು. ಅದು ಮೂಸುವುದು, ನೆಕ್ಕುವುದು, ಕಾಲಿನಿಂದ ಕೆರೆಯುವುದು. ಮಾತನಾಡದೆ ಸುಮ್ಮನಿರಬೇಕು. ಬೇಸತ್ತು ಮೂತಿಯನ್ನು ಹಿಂದಕ್ಕೆ ತೆಗೆದೊಡನೆ ‘ಭಲೆ’ ಎಂದು ಇನ್ನೊಂದು ಕೈಯಿಂದ ಬೇರೆ ಚೂರನ್ನು ಕೊಡಬೇಕು. ಕೆಲವು ದಿನಗಳಲ್ಲಿ ಮುಷ್ಟಿಯನ್ನು ಕಂಡೊಡನೆಯೇ ಹಿಂದೆ ಸರಿಯುವುದು; ಆಗ ‘ಬಿಡು’ ಎಂಬ ಮಾತನ್ನು ಸೇರಿಸಬೇಕು. ತರುವಾಯ ನೆಲದ ಮೇಲಿನ ರೊಟ್ಟಿ, ಆಮೇಲೆ ಹಗ್ಗದಲ್ಲಿ ಹಿಡಿದುಕೊಂಡು ದೂರದ ಕೋಳಿ, ಅನಂತರ ಕುರಿ. ನಾಯಿಯು ಕೋಳಿಯ ಕಡೆಯಿಂದ ಮುಖವನ್ನು ತಿರುಗಿಸಿದರೆ ಒಳ್ಳೆಯ ಚೂರನ್ನೇ ಕೊಡಬೇಕು. ಅದು ಬಿಟ್ಟದ್ದು ಸಣ್ಣ ಆಸೆಯಲ್ಲ.

ಹಗ್ಗ ಹಿಡಿದು ನಡೆಸುವಾಗ ನಾಯಿಯು ಎಳೆದರೆ ಕಂಬದಂತೆ ನಿಲ್ಲಬೇಕು. ಹಗ್ಗವು ಸಡಿಲವಾದೊಡನೆ ನಡೆಯಬೇಕು. ಎಳೆದರೆ ದಾರಿ ಸಾಗದು, ಸಡಿಲಿಸಿದರೆ ಸಾಗುವುದು ಎಂಬುದನ್ನು ಅದು ತಾನಾಗಿಯೇ ಕಂಡುಕೊಳ್ಳುವುದು. ನಾಲ್ಕು ಪಾಠಗಳೂ ಗಟ್ಟಿಯಾದ ಮೇಲೆ ಪ್ರತಿಸಾರಿಯೂ ಚೂರನ್ನು ಕೊಡಬೇಕಾದುದಿಲ್ಲ. ಒಮ್ಮೆ ಕೊಟ್ಟು ಒಮ್ಮೆ ಮೈದಡವಿದರೆ ಸಾಕು. ‘ಬಾ’ ಎಂಬುದಕ್ಕೆ ಮಾತ್ರ ಆಗಾಗ್ಗೆ ಒಳ್ಳೆಯ ಬಹುಮಾನವನ್ನು ಜೀವಮಾನವೆಲ್ಲ ಕೊಡುತ್ತಿರುವುದು ಉತ್ತಮ.

5. ಬಿಡಬೇಕಾದ ಪರಿಪಾಠಗಳು

ದಾರಿಯಲ್ಲಿ ಹೋಗುವವರ ಮೇಲೆ ವಿನೋದಕ್ಕಾಗಿ ‘ಛೂ’ ಬಿಡುವ ಪದ್ಧತಿಯನ್ನು ಮನೆಯ ಹಿರಿಯರು ಕಟ್ಟುನಿಟ್ಟಾಗಿ ನಿಲ್ಲಿಸಬೇಕು. ಹುಡುಗರು ಇಂದು ಭಿಕ್ಷುಕನ ಮೇಲೆ ಬಿಟ್ಟ ನಾಯಿಯು ನಾಳೆ ಅದೇ ಹುಡುಗರ ಜೊತೆಗಾರನ ಮೇಲೆ ತಾನಾಗಿಯೇ ಬೀಳುವುದು. ‘ಛೂ’ ಎಂದು ಕಲಿಸುವುದಕ್ಕೆ ಒಂದು ದಿನ ಸಾಕು. ಅದನ್ನು ಮರೆಸುವುದಕ್ಕೆ ಒಂದು ವರ್ಷವೂ ಸಾಲದು.

ಹಗಲಿರುಳೂ ಸರಪಳಿಯಲ್ಲಿ ಕಟ್ಟಿದ ನಾಯಿಯು ಚುರುಕಾದ ಕಾವಲುಗಾರನಾಗುವುದೆಂಬುದು ಭ್ರಮೆ. ಅದು ಸಿಡುಕನಾಗುವುದು. ಸದಾ ಕಟ್ಟಿದ ನಾಯಿಯನ್ನು ತಕ್ಕಷ್ಟು ಓಡಾಡಿಸದಿರುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ನಂಬಿ ಕೆಟ್ಟವರು ಅನೇಕರು. ಬೊಗಳುವ ನಾಯಿಯೂ ಕಚ್ಚಬಹುದು. ಗುರುಗುಟ್ಟುವುದು ನಾಯಿಯು ಕೊಡುವ ಎಚ್ಚರಿಕೆ. ಅದಕ್ಕಾಗಿ ಹೊಡೆದರೆ ಎಚ್ಚರಿಕೆಯನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಅದು ಕಲಿಯುವುದು. ಗುರುಗುಟ್ಟಿದರೆ ಹಿಂದೆ ಸರಿದು, ಕಾರಣವನ್ನು ಹುಡುಕಿ ನಿವಾರಿಸಬೇಕು. ಉಣ್ಣುವ, ಮಲಗಿರುವ, ಮರಿಹಾಕಿರುವ ನಾಯಿಯ ಬಳಿಗೆ ಹೋಗಬಾರದೆಂದು ಮಕ್ಕಳಿಗೂ ಕಲಿಸತಕ್ಕದ್ದು. ಎಷ್ಟೇ ಸಾಧುವಾದ ನಾಯಿಯಾದರೂ ಎಳೆಯ ಮಗುವನ್ನು ಅದರೊಡನೆ ಒಂಟಿಯಾಗಿ ಬಿಡಕೂಡದು.

6. ಹುಚ್ಚುನಾಯಿ ರೋಗ

ಎಷ್ಟು ಕಲಿತ ನಾಯಿಗೂ ಈ ರೋಗವು ತಗಲಬಹುದು. ಆದಕಾರಣ ಪಾಠದ ಜೊತೆಗೆ ಲಸಿಕೆಯೂ ಇರಲೇಬೇಕು. ಮರಿಗೆ 3 ತಿಂಗಳು ತುಂಬಿದಾಗ ಮೊದಲನೆಯ ಲಸಿಕೆಯನ್ನು ಹಾಕಿಸಿ, ಪಶುವೈದ್ಯರು ಹೇಳಿದ ದಿನ ಎರಡನೆಯದನ್ನೂ, ಆಮೇಲೆ ವರ್ಷಕ್ಕೊಮ್ಮೆಯೂ ಹಾಕಿಸತಕ್ಕದ್ದು. ಲಸಿಕೆಯ ದಿನವನ್ನು ಬರೆದಿಡಬೇಕು.

ನಾಯಿಯು ಯಾರನ್ನಾದರೂ ಕಚ್ಚಿದರೆ, ಅಥವಾ ಅದರ ಉಗುರು ತಾಗಿ ಗಾಯವಾದರೆ, ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಸೊಪ್ಪಿನ ರಸ ಇವನ್ನು ಹಚ್ಚಕೂಡದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಹಾಕಿಸಿಕೊಂಡು, ವೈದ್ಯರು ಹೇಳಿದ ದಿನಗಳಲ್ಲಿ ತಪ್ಪದೆ ಉಳಿದವನ್ನೂ ಮುಗಿಸಬೇಕು. ರಕ್ತ ಬಂದ ಗಾಯಕ್ಕೆ, ಗಾಯದೊಳಕ್ಕೇ ಹಾಕುವ ಇನ್ನೊಂದು ಮದ್ದೂ ಅಗತ್ಯ. ಹೊಟ್ಟೆಗೆ 14 ಚುಚ್ಚುಮದ್ದೆಂಬ ಹಳೆಯ ಭಯಕ್ಕೆ ಈಗ ಕಾರಣವಿಲ್ಲ. ಆ ಹಳೆಯ ಲಸಿಕೆಯನ್ನು 2005ರ ಹೊತ್ತಿಗೇ ಕೈಬಿಡಲಾಯಿತು. ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುವವರು ಇಲ್ಲವೆಂದೇ ಹೇಳಬಹುದು. ಮುಂಚೆಯೇ ಮದ್ದು ಮಾಡಿದರೆ ಸಾಯುವವರೂ ಇಲ್ಲವೆಂದೇ ಹೇಳಬಹುದು. ಈ ಎರಡರ ನಡುವಣ ಅಂತರವು ಅದೇ ದಿನ ಆಸ್ಪತ್ರೆಗೆ ಹೋದರೇ ಇಲ್ಲವೇ ಎಂಬಷ್ಟೇ.

7. ಊರಿನ ಮುಖಂಡರು ಮಾಡಬಹುದಾದುದು

ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ 6 ತಿಂಗಳವರೆಗೆ ಸೆರೆವಾಸವನ್ನಾಗಲಿ, 5,000 ರೂಪಾಯಿಗಳವರೆಗೆ ಜುಲ್ಮಾನೆಯನ್ನಾಗಲಿ, ಎರಡನ್ನೂ ಆಗಲಿ ವಿಧಿಸಬಹುದು. ಆದರೆ ಕಾನೂನು ಬರುವುದು ಕಚ್ಚಿದ ಮೇಲೆ. ಕಚ್ಚುವುದಕ್ಕೆ ಮುಂಚೆ ಮಾಡಬೇಕಾದ ಕೆಲಸವು ಊರಿನದು.

ಮುಖಂಡರು ಗ್ರಾಮ ಪಂಚಾಯಿತಿಯೊಡನೆ ಸೇರಿ, ಪಶುವೈದ್ಯರನ್ನು ಕರೆಸಿ ವರ್ಷಕ್ಕೊಂದು ದಿನ ಊರಿನ ಎಲ್ಲ ನಾಯಿಗಳಿಗೂ ಲಸಿಕೆಯನ್ನು ಹಾಕಿಸಬಹುದು. ಆ ದಿನವೇ ಚೆನ್ನಾಗಿ ಕಲಿತ ನಾಯಿಯುಳ್ಳ ಮನೆಯವರಿಂದ, ಹುಡುಗರಾದರೂ ಸರಿಯೇ, ‘ಬಾ’ ಮತ್ತು ‘ಬಿಡು’ ಎಂಬ ಪಾಠಗಳನ್ನು ಎಲ್ಲರ ಮುಂದೆ ಮಾಡಿಸಿ ತೋರಿಸಬಹುದು. ಕಂಡು ಕಲಿಯುವುದು ಕೇಳಿ ಕಲಿಯುವುದಕ್ಕಿಂತ ಸುಲಭ.

ಮುಕ್ತಾಯ

ಸಾಕಿದವನು ಕಲಿಸಬೇಕೆಂದು ಹೊರಟಿರಲಿ ಹೊರಡದಿರಲಿ, ನಾಯಿಯು ದಿನವೂ ಅವನಿಂದ ಏನನ್ನಾದರೂ ಕಲಿಯುತ್ತಲೇ ಇರುವುದು. ಕೂಗಿ ಹೊಡೆದರೆ ದೂರ ಓಡುವುದನ್ನು ಕಲಿಯುವುದು. ಕರೆದು ಕೊಟ್ಟರೆ ಹತ್ತಿರ ಬರುವುದನ್ನು ಕಲಿಯುವುದು. ದಿನಕ್ಕೆ ಹದಿನೈದು ನಿಮಿಷ, ಅರ್ಧ ರೊಟ್ಟಿ, ಮನೆಯವರೆಲ್ಲರ ಒಂದೇ ಮಾತು, ಖರ್ಚು ಇಷ್ಟೇ. ಹೋರಿಕರುವಿಗೆ ತೋರಿಸುವ ತಾಳ್ಮೆಯಲ್ಲಿ ಹತ್ತರಲ್ಲೊಂದು ಪಾಲನ್ನು ರೈತನು ನಾಯಿಗೆ ತೋರಿಸಿದರೆ, ಬೀದಿಯಲ್ಲಿ ಮಗುವೊಂದು ಓಡಿಹೋಗುವ ದಿನ ಜಗಲಿಯಿಂದ ಒಂದೇ ಸಾರಿ ‘ಬಾ’ ಎಂದರೆ ಸಾಕು. ನಾಯಿಯು ತಿರುಗಿ ಬಂದು ಅವನ ಕಾಲ ಬಳಿಯಲ್ಲಿ ಕೂರುವುದು. ಮಗುವು ತನಗೆ ಏನು ತಪ್ಪಿತೆಂಬುದನ್ನು ಅರಿಯದೆ ಶಾಲೆಗೆ ಹೋಗುವುದು.